ಮಣಿಯುವ ಮೋಡ: ಧ್ರುವೀಕರಣಶೀಲತೆಯ ಕೆಲವು ಕೆಲಸಗಳು



ನಮ್ಮ ರಸಾಯನಶಾಸ್ತ್ರದ ತರಗತಿಗಳಲ್ಲಿ ತಲೆಮಾರುಗಳಿಂದ ಉರುಹೊಡೆಸುತ್ತ ಬಂದ ಒಂದು ವಾಕ್ಯವಿದೆ: ಅಣುತೂಕ ಹೆಚ್ಚಿದಂತೆ ಕುದಿಬಿಂದು ಏರುತ್ತದೆ. ಮೀಥೇನ್ ಅನಿಲ, ಹೆಕ್ಸೇನ್ ದ್ರವ, ಮೇಣ ಘನ. ಕ್ಲೋರಿನ್ ಅನಿಲ, ಬ್ರೋಮಿನ್ ದ್ರವ, ಅಯೊಡಿನ್ ಘನ. ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಮಾತು ಸರಿ ಎನ್ನಿಸುತ್ತದೆ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ. ಈಗ ಎರಡು ದ್ರವಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಹೆಕ್ಸೇನ್. ಆರು ಇಂಗಾಲ, ಹದಿನಾಲ್ಕು ಹೈಡ್ರೋಜನ್, ಅಣುತೂಕ 86, ಕುದಿಯುವುದು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇನ್ನೊಂದು ಅದರದ್ದೇ ಹೈಡ್ರೋಜನ್‌ಗಳನ್ನೆಲ್ಲ ತೆಗೆದು ಆ ಜಾಗದಲ್ಲಿ ಫ್ಲೂರಿನ್ ಕೂರಿಸಿದ ಪರ್‌ಫ್ಲೂರೊಹೆಕ್ಸೇನ್. ಅಣುತೂಕ 338, ಅಂದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ನಮ್ಮ ವಾಕ್ಯ ನಿಜವಾಗಿದ್ದರೆ ಇದು ಇನ್ನೂರು ಡಿಗ್ರಿಯ ಆಚೆ ಎಲ್ಲೋ ಕುದಿಯಬೇಕಿತ್ತು. ಅದು ಕುದಿಯುವುದು 57 ಡಿಗ್ರಿಗೇ. ನಾಲ್ಕು ಪಟ್ಟು ಭಾರದ ಅಣು ಹಗುರ ಅಣುವಿಗಿಂತ ಮೊದಲೇ ಹಾರಿಹೋಗುತ್ತದೆ.

ಅಣುಗಳನ್ನು ದ್ರವದಲ್ಲಿ ಒಟ್ಟಿಗೆ ಹಿಡಿದಿರುವುದು ತೂಕವಲ್ಲ. ಒಂದು ಅಣು ಇನ್ನೊಂದನ್ನು ಗುರುತ್ವದಿಂದ ಎಳೆಯುವ ಬಲ ಇಲ್ಲಿ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಹಿಡಿದಿರುವುದು ಅವುಗಳ ಎಲೆಕ್ಟ್ರಾನ್ ಮೋಡ, ಅದರಲ್ಲೂ ಆ ಮೋಡ ಎಷ್ಟು ಸುಲಭವಾಗಿ ಮಣಿಯುತ್ತದೆ ಎಂಬುದು. ಸಾಮಾನ್ಯವಾಗಿ ಪರಮಾಣು ದೊಡ್ಡದಾದಂತೆ ಅದು ಭಾರವೂ ಆಗುತ್ತದೆ, ಅದರ ಹೊರಗಿನ ಎಲೆಕ್ಟ್ರಾನ್‌ಗಳು ಸಡಿಲವೂ ಆಗುತ್ತವೆ. ಎರಡೂ ಒಟ್ಟೊಟ್ಟಿಗೆ ಬರುವುದರಿಂದ, ಮಣಿಯುವ ಗುಣಕ್ಕೆ ಸಲ್ಲಬೇಕಾದ ಶ್ರೇಯಸ್ಸನ್ನು ನಾವು ತೂಕಕ್ಕೆ ಕೊಟ್ಟುಬಿಟ್ಟಿದ್ದೇವೆ. ಈ ಗುಣದ ಶಾಸ್ತ್ರೀಯ ಹೆಸರು ಧ್ರುವೀಕರಣಶೀಲತೆ. ಪಿಯುಸಿ ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಈ ರಾಶಿಗೆ ರಸಾಯನಶಾಸ್ತ್ರದಲ್ಲಿ ನಡುಮನೆಯ ಜಾಗ ಸಿಗಬೇಕು ಎಂಬುದೇ ಈ ಹೊತ್ತಿನ ನನ್ನ ವಾದ.

ಮೊದಲು ಅದರ ಅಳತೆಯ ಅಂದಾಜು ಸಿಗಲಿ. ಪರಮಾಣುವಿನ ನಡುವೆ ಧನಾವೇಶದ ನ್ಯೂಕ್ಲಿಯಸ್, ಸುತ್ತ ಋಣಾವೇಶದ ಎಲೆಕ್ಟ್ರಾನ್ ಮೋಡ. ಹೊರಗಿನಿಂದ ವಿದ್ಯುತ್ ಕ್ಷೇತ್ರ ಬಂದಾಗ ಮೋಡ ಒಂದು ಕಡೆಗೆ, ನ್ಯೂಕ್ಲಿಯಸ್ ಇನ್ನೊಂದು ಕಡೆಗೆ ಸರಿಯುತ್ತವೆ. ಪರಮಾಣುವಿನಲ್ಲಿ ಪುಟ್ಟ ದ್ವಿಧ್ರುವ ಹುಟ್ಟುತ್ತದೆ. ಆ ದ್ವಿಧ್ರುವವನ್ನು ಕ್ಷೇತ್ರದಿಂದ ಭಾಗಿಸಿದರೆ ಸಿಗುವುದೇ ಧ್ರುವೀಕರಣಶೀಲತೆ. ವಿಜ್ಞಾನಿಗಳು ಅದನ್ನು ಆಲ್ಫಾ ಎಂಬ ಅಕ್ಷರದಿಂದ ಸೂಚಿಸುತ್ತಾರೆ. ಎಷ್ಟು ಸರಿಯುತ್ತದೆ? ಒಣಗಾಳಿಯಲ್ಲಿ ಕಿಡಿ ಹಾರಬೇಕಾದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿನ ಕ್ಷೇತ್ರ ಬೇಕು. ಅಷ್ಟು ಪ್ರಬಲ ಕ್ಷೇತ್ರದಲ್ಲಿಯೂ ಹೈಡ್ರೋಜನ್ ಪರಮಾಣುವಿನ ಮೋಡ ತನ್ನ ತ್ರಿಜ್ಯದ ಸುಮಾರು ನಲವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಕದಲುತ್ತದೆ. ಒಂದು ಪ್ರೋಟಾನಿನ ಅಗಲಕ್ಕಿಂತಲೂ ಕಡಿಮೆ! ಇಷ್ಟರಿಂದ ಏನಾದೀತು ಎಂದು ಕೇಳಬಹುದು. ಆದರೆ ಅಣುಗಳ ಲೋಕದಲ್ಲಿ ಕ್ಷೇತ್ರಗಳ ಪ್ರಮಾಣವೇ ಬೇರೆ. ಒಂದೇ ಒಂದು ಅಯಾನು ಮೂರು ಆಂಗ್‌ಸ್ಟ್ರಾಂ ದೂರದಲ್ಲಿ ನಿಂತರೂ ಅದರ ಕ್ಷೇತ್ರ ಆ ಕಿಡಿಯ ಕ್ಷೇತ್ರದ ಐದು ಸಾವಿರ ಪಟ್ಟು. ಅಲ್ಲಿ ಮೋಡ ಚೆನ್ನಾಗಿಯೇ ವಾಲುತ್ತದೆ.

ಆಲ್ಫಾದ ಮೌಲ್ಯವನ್ನು ಗಾತ್ರದ ಮಾನದಲ್ಲಿ, ಘನ ಆಂಗ್‌ಸ್ಟ್ರಾಂಗಳಲ್ಲಿ ಹೇಳುವ ರೂಢಿ ಇದೆ. ಹೀಲಿಯಂನದು ಸುಮಾರು 0.2, ಎರಡು ಎಲೆಕ್ಟ್ರಾನ್‌ಗಳನ್ನು ನ್ಯೂಕ್ಲಿಯಸ್ ಬಿಗಿಯಾಗಿ ಹಿಡಿದಿದೆ, ಜಗ್ಗಿದರೂ ಬಾರವು. ನಿಯಾನ್ 0.4, ಆರ್ಗಾನ್ 1.64, ಕ್ರಿಪ್ಟಾನ್ 2.5, ಝೆನಾನ್ 4. ಸೀಸಿಯಂನಲ್ಲಿ ಒಂಟಿ ಎಲೆಕ್ಟ್ರಾನ್ ದೂರದಲ್ಲಿ ಅಲೆಯುತ್ತಿರುತ್ತದೆ. ಅದರ ಆಲ್ಫಾ 60ಕ್ಕೆ ಹತ್ತಿರ, ಹೀಲಿಯಂನ ಮುನ್ನೂರು ಪಟ್ಟಿನ ಆಸುಪಾಸು. ನೂರಕ್ಕೂ ಮಿಕ್ಕಿದ ಧಾತುಗಳ ಸ್ವಭಾವಭೇದದ ದೊಡ್ಡ ಪಾಲು ಈ ಹರವಿನಲ್ಲೇ ಅಡಗಿದೆ.

ಜಡಾನಿಲಗಳಿಗೆ ಸ್ವಂತ ದ್ವಿಧ್ರುವವಿಲ್ಲ, ಆವೇಶವಿಲ್ಲ, ಯಾರ ಜೊತೆಗೂ ಸುಲಭಕ್ಕೆ ಬಂಧ ಬೆಳೆಸುವುದಿಲ್ಲ. ಆದರೂ ತಣಿಸಿದರೆ ಅವು ದ್ರವವಾಗುತ್ತವೆ. ಪರಸ್ಪರ ಎಳೆತವೇ ಇಲ್ಲದಿದ್ದರೆ ದ್ರವವಾಗುವುದು ಹೇಗೆ? ಹಾಲೆಂಡಿನ ವಾನ್ ಡರ್ ವಾಲ್ಸ್ 1873ರಲ್ಲೇ ಅನಿಲಗಳ ಅಣುಗಳ ನಡುವೆ ಏನೋ ಸೆಳೆತವಿದೆ ಎಂದು ಲೆಕ್ಕದಲ್ಲಿ ಸೇರಿಸಿದ್ದರು. ಅದು ಎಲ್ಲಿಂದ ಬಂತೆಂದು ಹೇಳುವ ಶಾಸ್ತ್ರ ಆಗ ಇರಲಿಲ್ಲ. ಅದಕ್ಕೆ ಕ್ವಾಂಟಂ ಸಿದ್ಧಾಂತ ಬರಬೇಕಾಯಿತು. 1930ರಲ್ಲಿ ಫ್ರಿಟ್ಸ್ ಲಂಡನ್ ಉತ್ತರ ಕೊಟ್ಟರು. ಎಲೆಕ್ಟ್ರಾನ್ ಮೋಡ ಸರಾಸರಿಯಲ್ಲಿ ಸಮನಾಗಿ ಹರಡಿದ್ದರೂ ಯಾವ ಕ್ಷಣದಲ್ಲೂ ಪೂರ್ತಿ ಸಮನಾಗಿರುವುದಿಲ್ಲ. ಒಂದು ಪರಮಾಣುವಿನಲ್ಲಿ ಕ್ಷಣಮಾತ್ರ ಮೂಡಿದ ಅಸಮತೆ ನೆರೆಯ ಪರಮಾಣುವಿನ ಮೋಡವನ್ನು ವಾಲಿಸುತ್ತದೆ. ಇಬ್ಬರ ಅಲುಗಾಟವೂ ಹೊಂದಿಕೊಂಡು ಸಾಗುತ್ತದೆ, ಫಲವಾಗಿ ಸದಾ ಒಂದು ಸೆಳೆತ. ಲಂಡನ್ ಸೂತ್ರದಲ್ಲಿ ಈ ಸೆಳೆತ ಎರಡೂ ಕಡೆಯ ಆಲ್ಫಾಗಳ ಗುಣಲಬ್ಧವನ್ನು ಅನುಸರಿಸುತ್ತದೆ, ದೂರದ ಆರನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ದೂರ ಇಮ್ಮಡಿಯಾದರೆ ಸೆಳೆತ ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಒಂದೇ ಬಗೆಯ ಪರಮಾಣುಗಳಿದ್ದಲ್ಲಿ ಆಲ್ಫಾ ವರ್ಗವಾಗಿ ಬರುತ್ತದೆ ಎಂಬುದನ್ನು ಗಮನಿಸಿ. ಝೆನಾನ್ ಹೀಲಿಯಂಗಿಂತ ಇಪ್ಪತ್ತು ಪಟ್ಟು ಮಣಿಯುತ್ತದೆ ಎಂದರೆ ಸೂತ್ರದಲ್ಲಿ ಅದು ನಾನೂರು ಪಟ್ಟಾಗುತ್ತದೆ. ಝೆನಾನ್ ಪರಮಾಣುಗಳು ದೊಡ್ಡವಾದ್ದರಿಂದ ದೂರ ನಿಲ್ಲುತ್ತವೆ, ಅಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಉಳಿದದ್ದರ ಫಲ: ಹೀಲಿಯಂ ಕುದಿಯುವುದು ಮೈನಸ್ 269 ಡಿಗ್ರಿಯಲ್ಲಿ, ಝೆನಾನ್ ಮೈನಸ್ 108ರಲ್ಲಿ. ಹೈಡ್ರೋಜನ್ ಅಣುವಿನ ಬಂಧವನ್ನು 1927ರಲ್ಲಿ ಹೈಟ್ಲರ್ ಜೊತೆ ಸೇರಿ ವಿವರಿಸಿದವರೂ ಇದೇ ಲಂಡನ್. ಬಂಧವಾಗುವ ಸೆಳೆತ, ಬಂಧವಾಗದ ಸೆಳೆತ ಎರಡರ ಗುಟ್ಟನ್ನೂ ಮೂರೇ ವರ್ಷಗಳ ಅಂತರದಲ್ಲಿ ಬಿಡಿಸಿದ ಮನುಷ್ಯ, ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಡಬೇಕಾಯಿತು. ನೊಬೆಲ್ ಅವರಿಗೆ ಬರಲೇ ಇಲ್ಲ. ಬರಬೇಕಿತ್ತು ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ.

ಪರ್‌ಫ್ಲೂರೊಹೆಕ್ಸೇನ್ ಒಗಟು ಈಗ ಬಿಡಿಸಿಕೊಳ್ಳುತ್ತದೆ. ಫ್ಲೂರಿನ್ ತನ್ನ ಎಲೆಕ್ಟ್ರಾನ್‌ಗಳನ್ನು ಜಿಪುಣನ ಹಾಗೆ ಮುಷ್ಟಿಯಲ್ಲಿ ಹಿಡಿದಿರುತ್ತದೆ. ಹೀಗಾಗಿ ಹದಿನಾಲ್ಕು ಫ್ಲೂರಿನ್ ಬಂದು ಕೂತರೂ ಇಡೀ ಅಣುವಿನ ಆಲ್ಫಾ ಹೆಕ್ಸೇನಿನ ಆಲ್ಫಾಕ್ಕೆ ಬಹುಮಟ್ಟಿಗೆ ಸಮ. ಎರಡರದ್ದೂ 12 ಘನ ಆಂಗ್‌ಸ್ಟ್ರಾಂ ಆಸುಪಾಸು. ಆದರೆ ಅಣುವಿನ ಮೈ ಒಂದೂವರೆ ಪಟ್ಟು ಉಬ್ಬಿದೆ. ಅಷ್ಟೇ ಮಣಿಯುವ ಗುಣ ಹೆಚ್ಚು ಜಾಗಕ್ಕೆ ಹಂಚಿಹೋಯಿತು, ಅಣುಗಳು ದೂರವಾದವು, ಸೆಳೆತ ಸಡಿಲಾಯಿತು. ಇದೇ ಬಗೆಯ ಇಂಗಾಲ-ಫ್ಲೂರಿನ್ ಸರಪಳಿ ಉದ್ದವಾಗಿ ಬೆಳೆದರೆ ಟೆಫ್ಲಾನ್. ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತು ಇಂದು ನಮ್ಮ ದೋಸೆ ಕಾವಲಿಯ ಮೇಲಿದೆ. ಹಿಟ್ಟಿನ ಪಿಷ್ಟವಾಗಲಿ ಎಣ್ಣೆಯಾಗಲಿ ಅದಕ್ಕೆ ಅಂಟದಿರುವುದಕ್ಕೆ ಅದರ ನುಣುಪಲ್ಲ, ಅದರ ಮೋಡ ಮಣಿಯದಿರುವುದು ಮುಖ್ಯ ಕಾರಣ. ಹಾಗಾದರೆ ಟೆಫ್ಲಾನ್ ಕಾವಲಿಗೇ ಹೇಗೆ ಅಂಟಿತು ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಲೋಹದ ಮೈಯನ್ನು ಒರಟು ಮಾಡಿ, ಪ್ರೈಮರ್ ಬಳಿದು, ಸಂದುಗಳಲ್ಲಿ ಸಿಕ್ಕಿಸಿ ಕೂರಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಅದು ಎದ್ದುಬರುವುದು ಯಾಕೆಂದು ಮನೆಯವರಿಗೆ ಬೇರೆ ಹೇಳಬೇಕಿಲ್ಲ.

ಗೋಡೆಯ ಮೇಲೆ, ಸೂರಿನ ಕೆಳಗೆ ಲೀಲಾಜಾಲವಾಗಿ ಓಡುವ ಹಲ್ಲಿಯ ಕಾಲಿನ ವಿಷಯವೂ ಇದೇ. ಅದರ ಬೆರಳುಗಳಡಿ ಲಕ್ಷಗಟ್ಟಲೆ ಸೂಕ್ಷ್ಮ ರೋಮಗಳಿವೆ. ಒಂದೊಂದರ ತುದಿಯೂ ಕವಲೊಡೆದು ನ್ಯಾನೊಮೀಟರುಗಳ ಲೆಕ್ಕದ ಚಪ್ಪಟೆ ಎಲೆಗಳಾಗಿ ಮುಗಿಯುತ್ತದೆ. ಅಮೆರಿಕದ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ಟೊಕೆ ಎಂಬ ದೊಡ್ಡ ಹಲ್ಲಿಯ ರೋಮಗಳನ್ನು ನೀರನ್ನು ಸೆಳೆಯುವ ಮೈಯ ಮೇಲೂ, ನೀರನ್ನು ದೂಡುವ ಮೈಯ ಮೇಲೂ ಪರೀಕ್ಷಿಸಿದರು. ಎರಡೂ ಚೆನ್ನಾಗಿ ಮಣಿಯುವ ವಸ್ತುಗಳು, ಎರಡರ ಮೇಲೂ ಹಿಡಿತ ಒಂದೇ ತೆರ. ನೀರಿನ ಪದರ ಅಂಟಿಸುತ್ತದೆ ಎಂಬ ಹಳೆಯ ವಿವರಣೆ ಅಲ್ಲಿಗೆ ಹಿಂದೆ ಸರಿಯಿತು. ತೇವಾಂಶದ ಪಾತ್ರ ಎಷ್ಟು ಎಂಬ ಚರ್ಚೆ ಆಮೇಲೂ ನಡೆದಿದೆ, ನಿಜ. ಆದರೆ ಒಣ ಟೆಫ್ಲಾನ್ ಹಾಳೆಯ ಮೇಲೆ ಬಿಟ್ಟರೆ ಇದೇ ಹಲ್ಲಿ ಜಾರುತ್ತದೆ.

ಇನ್ನು ಬೆಳಕಿನ ಕಡೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವ ಆಸೆ.

ಬೆಳಕೆಂದರೆ ಸೆಕೆಂಡಿಗೆ ಕೋಟಿ ಕೋಟಿ ಸಲ ದಿಕ್ಕು ಬದಲಿಸುವ ವಿದ್ಯುತ್ ಕ್ಷೇತ್ರ. ಅದು ಪರಮಾಣುವಿನ ಮೇಲೆ ಹಾಯ್ದಾಗ ಮೋಡ ಅದೇ ತಾಳಕ್ಕೆ ಆಚೀಚೆ ಆಡುತ್ತದೆ, ಹಾಗೆ ಆಡುವ ಆವೇಶ ತಾನೂ ಬೆಳಕನ್ನು ಹೊರಸೂಸುತ್ತದೆ. ಮೂಲ ಬೆಳಕಿಗೆ ಅದು ಬೆರೆತಾಗ ವಸ್ತುವಿನೊಳಗೆ ಬೆಳಕು ನಿಧಾನಿಸುತ್ತದೆ, ಬಾಗುತ್ತದೆ. ವಜ್ರದ ವಕ್ರೀಭವನ ಸೂಚ್ಯಂಕ 2.42, ನೀರಿನದು 1.33, ಪರ್‌ಫ್ಲೂರೊಹೆಕ್ಸೇನಿನದು 1.25 ಆಗಿರುವುದಕ್ಕೆ, ಒಂದು ಘನ ಸೆಂಟಿಮೀಟರಿನಲ್ಲಿ ಮಣಿಯುವ ಗುಣ ಎಷ್ಟು ತುಂಬಿದೆ ಎಂಬುದೇ ಲೆಕ್ಕ. ಲಾರೆಂಟ್ಸ್ ಮತ್ತು ಲಾರೆನ್ಸ್ ಎಂಬ ಇಬ್ಬರು, ಒಬ್ಬರು ಡಚ್ಚರು ಇನ್ನೊಬ್ಬರು ಡೇನರು, ಹತ್ತೊಂಬತ್ತನೆಯ ಶತಮಾನದಲ್ಲೇ ಬೇರೆ ಬೇರೆಯಾಗಿ ಇದರ ಸೂತ್ರ ಬರೆದಿದ್ದರು. ಹೆಕ್ಸೇನಿನ ಆಲ್ಫಾ 12 ಎಂದು ನಾನು ಹೇಳಿದ್ದೂ ಇದೇ ಸೂತ್ರದಿಂದ. ಒಂದು ದ್ರವ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಅಳೆದರೆ, ಅದರ ಅಣುಗಳು ಒಂದನ್ನೊಂದು ಎಷ್ಟು ಸೆಳೆಯುತ್ತವೆ ಎಂಬ ಅಂದಾಜು ಸಿಕ್ಕಿಬಿಡುತ್ತದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವ ಸಂಗತಿ ಇದು.

ಆಕಾಶದ ನೀಲಿಗೂ ಆಲ್ಫಾವೇ ಮೂಲ. ಇಂಗ್ಲೆಂಡಿನ ಭೌತವಿಜ್ಞಾನಿ ರ‍್ಯಾಲಿ 1871ರಲ್ಲಿ ತೋರಿಸಿದ ಪ್ರಕಾರ ಚದುರುವ ಬೆಳಕಿನ ಪ್ರಮಾಣ ಆಲ್ಫಾದ ವರ್ಗಕ್ಕೆ ಅನುಗುಣವಾಗಿರುತ್ತದೆ, ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ; ಹಾಗಾಗಿ ಗಿಡ್ಡ ತರಂಗಾಂತರದ ನೀಲಿ ಹೆಚ್ಚು ಚದುರುತ್ತದೆ. ಆಕಾಶದ ನೀಲಿ ಕಡಲಿಗೆ ಬಿದ್ದ ಪ್ರತಿಬಿಂಬವೇ ಕಡಲಿನ ನೀಲಿ ಎಂದು ರ‍್ಯಾಲಿ ನಂಬಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ನಾರ್ಕುಂಡ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಅದನ್ನು ಒಪ್ಪಲಿಲ್ಲ; ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದರು. ಅಲ್ಲಿಂದ ಕಲ್ಕತ್ತದಲ್ಲಿ ಏಳು ವರ್ಷಗಳ ಚದುರಿಕೆಯ ಕೆಲಸ. 1928ರ ಫೆಬ್ರವರಿಯಲ್ಲಿ ಕೆ.ಎಸ್. ಕೃಷ್ಣನ್ ಜೊತೆಗೂಡಿ, ಚದುರಿದ ಬೆಳಕಿನಲ್ಲಿ ಬಂದ ಬಣ್ಣದ ಜೊತೆಗೆ ಬೇರೆಯೇ ಬಣ್ಣದ ಕ್ಷೀಣ ಬೆಳಕೂ ಇರುವುದನ್ನು ಖಚಿತಪಡಿಸಿಕೊಂಡರು. ಅದರ ಮೊದಲ ವಿಸ್ತಾರ ವಿವರಣೆಯನ್ನು ರಾಮನ್ ಕೊಟ್ಟದ್ದು ಬೆಂಗಳೂರಿನಲ್ಲಿ: 1928ರ ಮಾರ್ಚ್ 16, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯ ಸಂದರ್ಭ. ಉಪನ್ಯಾಸದ ಶೀರ್ಷಿಕೆ ‘ಹೊಸದೊಂದು ವಿಕಿರಣ’ ಎಂಬರ್ಥದ್ದು. ಉಪನ್ಯಾಸಗಳಿಂದ ಏನು ಪ್ರಯೋಜನ ಎನ್ನುವವರಿಗೆ ಇದನ್ನು ನೆನಪಿಸಬಹುದು.

ಆ ಬೇರೆ ಬಣ್ಣ ಬಂದದ್ದು ಹೇಗೆ? ಅಣುವಿನೊಳಗೆ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಬಂಧ ಹಿಗ್ಗಿದಾಗ ಮೋಡ ಸಡಿಲಾಗಿ ಹೆಚ್ಚು ಮಣಿಯುತ್ತದೆ, ಕುಗ್ಗಿದಾಗ ಬಿಗಿಯುತ್ತದೆ. ಅಂದರೆ ಆಲ್ಫಾ ಸ್ಥಿರವಲ್ಲ, ಅಣುವಿನ ಕಂಪನದ ತಾಳಕ್ಕೆ ಏರಿಳಿಯುತ್ತದೆ. ಬೆಳಕಿನ ತಾಳದ ಮೇಲೆ ಅಣುವಿನ ತಾಳ ಕೂತಂತಾಯಿತು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನ ಅಲೆಯ ಮೇಲೆ ಒಂದು ಕಿಲೋಹರ್ಟ್ಸ್‌ನ ನಾದವನ್ನು ಏರಿಸಿದರೆ 611 ಮತ್ತು 613ರಲ್ಲಿ ಎರಡು ಪಕ್ಕದ ಅಲೆಗಳು ಹುಟ್ಟುತ್ತವೆ. ಗಣಿತ ಎರಡಕ್ಕೂ ಒಂದೇ. ಪಾದರಸ ದೀಪದ 435.8 ನ್ಯಾನೊಮೀಟರಿನ ನೀಲಿ ಗೆರೆಯನ್ನು ಬೆನ್ಝೀನ್ ತುಂಬಿದ ಬುರುಡೆಗೆ ಹಾಯಿಸಿದರೆ, ಆರು ಇಂಗಾಲಗಳ ಉಂಗುರ ಒಟ್ಟಿಗೆ ಹಿಗ್ಗಿ ಕುಗ್ಗುವ ಕಂಪನದಿಂದಾಗಿ 455.5ರ ಆಸುಪಾಸಿನಲ್ಲಿ ಹೊಸ ಗೆರೆ ಮೂಡುತ್ತದೆ. ಚದುರುವ ಬೆಳಕೇ ಅಲ್ಪ, ಅದರಲ್ಲೂ ಇದು ತೀರ ಸಣ್ಣ ಪಾಲು. ಕಂಪನದಲ್ಲಿ ಆಲ್ಫಾ ಬದಲಾಗದಿದ್ದರೆ ರಾಮನ್ ಗೆರೆಯೇ ಇಲ್ಲ. ಈ ನಿಯಮವನ್ನು 1934ರಲ್ಲಿ ಕ್ರಮಬದ್ಧ ಸಿದ್ಧಾಂತವಾಗಿಸಿದವರು ಜಾರ್ಜ್ ಪ್ಲಾಚೆಕ್.

ಇದರಿಂದ ಒಂದು ದೊಡ್ಡ ಅನುಕೂಲವಿದೆ. ಅವಕೆಂಪು ಕಿರಣಗಳನ್ನು ಹೀರಬೇಕಾದರೆ ಕಂಪನದಲ್ಲಿ ದ್ವಿಧ್ರುವ ಬದಲಾಗಬೇಕು. ಸಾರಜನಕದ ಅಣುವಿನಲ್ಲಿ ಇಬ್ಬರೂ ಸಮಾನರು, ದ್ವಿಧ್ರುವದ ಮಾತೇ ಇಲ್ಲ, ಹಾಗಾಗಿ ಅವಕೆಂಪಿಗೆ ಅದು ಕಾಣದು. ಆದರೆ ಹಿಗ್ಗಿ ಕುಗ್ಗುವಾಗ ಅದರ ಆಲ್ಫಾ ಬದಲಾಗುತ್ತದೆ, ರಾಮನ್ ರೋಹಿತದಲ್ಲಿ ಎದ್ದು ಕಾಣುತ್ತದೆ. ವಜ್ರವೂ ಹಾಗೆಯೇ. ರಾಮನ್ ಅವರಿಗೆ ವಜ್ರದ ಹುಚ್ಚು. ಬೆಂಗಳೂರಿಗೆ ಬಂದ ಮೇಲೆ ವರ್ಷಗಟ್ಟಲೆ ಅದರ ಬೆನ್ನು ಬಿದ್ದರು. ಸೆಂಟಿಮೀಟರಿಗೆ 1332 ತರಂಗಗಳ ಮಾನದಲ್ಲಿ ವಜ್ರ ಕೊಡುವ ಒಂಟಿ ಚೂಪು ಗೆರೆಯನ್ನು ಇಂದು ರತ್ನಪರೀಕ್ಷೆಯ ಲ್ಯಾಬುಗಳು ನಂಬುತ್ತವೆ. ಅಂಗಡಿಯಲ್ಲಿ ಅಮೆರಿಕನ್ ಡೈಮಂಡ್ ಎಂದು ಮಾರುವ ಜಿರ್ಕೋನಿಯಾದಲ್ಲಿ ಅದು ಇರುವುದಿಲ್ಲ. 2021ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪರ್ಸಿವರೆನ್ಸ್ ಬಂಡಿಯಲ್ಲಿಯೂ ರಾಮನ್ ರೋಹಿತ ಓದುವ ಉಪಕರಣಗಳಿವೆ.

ರಸಾಯನದ ಮೇಜಿಗೆ ಮರಳೋಣ. ಇಲ್ಲಿ ಕೂತಿರುವ ಪಿಯುಸಿ ವಿದ್ಯಾರ್ಥಿಗಳೆಲ್ಲ ಮಾಡಿರುವ ಪರೀಕ್ಷೆ ಇದು: ಪ್ರನಾಳದಲ್ಲಿ ಲವಣದ ದ್ರಾವಣ, ಅದಕ್ಕೆ ನಾಲ್ಕಾರು ಹನಿ ಸಿಲ್ವರ್ ನೈಟ್ರೇಟ್. ಕ್ಲೋರೈಡಿದ್ದರೆ ಮೊಸರು ಒಡೆದಂಥ ಬಿಳಿ ಗಸಿ, ಅಮೋನಿಯ ಹಾಕಿದರೆ ಕರಗುತ್ತದೆ. ಬ್ರೋಮೈಡಿದ್ದರೆ ಮಾಸಲು ಹಳದಿ, ಅಮೋನಿಯದಲ್ಲಿ ಅರೆಬರೆ ಕರಗುತ್ತದೆ. ಅಯೊಡೈಡಿದ್ದರೆ ಸ್ಪಷ್ಟ ಹಳದಿ, ಅಮೋನಿಯಕ್ಕೂ ಜಗ್ಗದು. ಫ್ಲೂರೈಡಿದ್ದರೆ ಏನೂ ಆಗುವುದಿಲ್ಲ, ದ್ರಾವಣ ತಿಳಿಯಾಗಿಯೇ ಇರುತ್ತದೆ. ಈ ನಾಲ್ಕು ಸಾಲುಗಳನ್ನು ನಾವು ಬಾಯಿಪಾಠ ಮಾಡಿಸುತ್ತೇವೆ, ಕಾರಣ ಹೇಳುವುದಿಲ್ಲ.

ಅಯೊಡೈಡ್ ಅಯಾನಿನ ಮೋಡ ಫ್ಲೂರೈಡಿನದಕ್ಕಿಂತ ಆರೇಳು ಪಟ್ಟು ಮಣಿಯುತ್ತದೆ. ಬೆಳ್ಳಿಯ ಅಯಾನು ಅದನ್ನು ತನ್ನತ್ತ ಎಳೆದು ವಿರೂಪಗೊಳಿಸುತ್ತದೆ. ಬರಿಯ ಆವೇಶಗಳ ಆಕರ್ಷಣೆಯಾಗಿದ್ದ ಬಂಧದಲ್ಲಿ ಎಲೆಕ್ಟ್ರಾನ್ ಹಂಚಿಕೆಯ ಪಾಲು ಬೆಳೆಯುತ್ತದೆ. ಅಂಥ ಬಂಧವನ್ನು ಬಿಡಿಸುವುದು ನೀರಿಗೆ ಕಷ್ಟ. ಸಿಲ್ವರ್ ಫ್ಲೂರೈಡ್ ಒಂದು ಲೀಟರ್ ನೀರಿನಲ್ಲಿ ಒಂದೂವರೆ ಕಿಲೋಗಿಂತ ಹೆಚ್ಚು ಕರಗುತ್ತದೆ. ಕ್ಲೋರೈಡ್ ಎರಡು ಮಿಲಿಗ್ರಾಂ. ಅಯೊಡೈಡ್ ಕೆಲವೇ ಮೈಕ್ರೋಗ್ರಾಂ. ಹಳದಿ ಬಣ್ಣಕ್ಕೂ ಇದೇ ಕಾರಣ: ಸಡಿಲಾದ ಎಲೆಕ್ಟ್ರಾನನ್ನು ಅಯೊಡೈಡಿನಿಂದ ಬೆಳ್ಳಿಗೆ ಜಿಗಿಸಲು ನೇರಳೆ ಬೆಳಕಿನ ಶಕ್ತಿಯೇ ಸಾಕು. ಪೋಲೆಂಡ್ ಮೂಲದ ಕಾಸಿಮಿರ್ ಫಾಯನ್ಸ್ 1923ರ ಹೊತ್ತಿಗೆ ಈ ಬಗೆಯ ವಿಚಾರಗಳನ್ನು ನಿಯಮಗಳಾಗಿ ಇಟ್ಟರು. ಪುಟ್ಟ, ಆವೇಶ ಹೆಚ್ಚಿರುವ ಧನ ಅಯಾನು ಎಳೆಯುತ್ತದೆ. ದೊಡ್ಡ ಋಣ ಅಯಾನು ಮಣಿಯುತ್ತದೆ. ಬೆಳ್ಳಿ ಪುಟ್ಟದಲ್ಲ, ಆವೇಶವೂ ಒಂದೇ. ಆದರೂ ಎಳೆಯುತ್ತದೆ, ತಾನೂ ಮಣಿಯುತ್ತದೆ. ಅದರ ಹೊರಪದರದಲ್ಲಿ ಹದಿನೆಂಟು ಎಲೆಕ್ಟ್ರಾನ್‌ಗಳಿದ್ದು ನ್ಯೂಕ್ಲಿಯಸ್ಸನ್ನು ಸರಿಯಾಗಿ ಮರೆಮಾಡುವುದಿಲ್ಲ ಎಂಬುದನ್ನೂ ಸೇರಿಸಿಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ.

1963ರಲ್ಲಿ ರಾಲ್ಫ್ ಪಿಯರ್ಸನ್ ಇದನ್ನು ಹಿಗ್ಗಿಸಿ ಆಮ್ಲ-ಪ್ರತ್ಯಾಮ್ಲಗಳಿಗೆಲ್ಲ ಅನ್ವಯಿಸಿದರು: ಮಣಿಯದವು ಗಡಸು, ಮಣಿಯುವವು ಮೆದು, ಗಡಸು ಗಡಸನ್ನು ಹುಡುಕುತ್ತದೆ, ಮೆದು ಮೆದುವನ್ನು. ಕರ್ನಾಟಕದ ಭೂಪಟದಲ್ಲೇ ಇದನ್ನು ಓದಬಹುದು. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್, ಅಂದರೆ ಆಕ್ಸೈಡ್; ಗಡಸು ಕಬ್ಬಿಣಕ್ಕೆ ಗಡಸು ಆಮ್ಲಜನಕ. ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರ ಸಿಗುವುದು ಗಂಧಕದ ಸಹವಾಸದಲ್ಲಿ. ಪಾದರಸದ ಅದಿರಾದ ಇಂಗಳೀಕವೂ ಗಂಧಕದ್ದೇ. ಇನ್ನು ಕೋಲಾರ ಮತ್ತು ಹಟ್ಟಿಯ ಚಿನ್ನ ಆಮ್ಲಜನಕದ ಕಡೆ ತಿರುಗಿಯೂ ನೋಡುವುದಿಲ್ಲ; ಬೆಣಚುಕಲ್ಲಿನ ಪದರಗಳಲ್ಲಿ ಲೋಹವಾಗಿಯೇ ಕೂತಿರುತ್ತದೆ. ಅದನ್ನು ಕಲ್ಲಿನ ಪುಡಿಯಿಂದ ಬಿಡಿಸಬೇಕಾದರೆ ಮೆದು ಜೊತೆಗಾರನೇ ಬೇಕು. ತೆಳುವಾದ ಸೈನೈಡ್ ದ್ರಾವಣ, ಗಾಳಿಯ ಆಮ್ಲಜನಕ. ಚಿನ್ನದ ಅಯಾನನ್ನು ಎರಡು ಸೈನೈಡ್‌ಗಳು ಎರಡು ಕಡೆಯಿಂದ ಹಿಡಿದು ನೀರಿಗೆ ಇಳಿಸುತ್ತವೆ. ಆಮೇಲೆ ಸತುವಿನ ಪುಡಿ ಹಾಕಿ ಚಿನ್ನವನ್ನು ಮರಳಿ ಪಡೆಯುತ್ತಾರೆ. 1887ರಲ್ಲಿ ಗ್ಲಾಸ್ಗೊದಲ್ಲಿ ರೂಪುಗೊಂಡ ಈ ವಿಧಾನದ ಉಳಿಕೆಯೇ ಕೆಜಿಎಫ್‌ನ ಸೈನೈಡ್ ದಿಬ್ಬಗಳು. ಗಣಿ 2001ರಲ್ಲಿ ಮುಚ್ಚಿತು, ದಿಬ್ಬಗಳು ಅಲ್ಲೇ ಇವೆ, ಗಾಳಿಗೆ ಅವುಗಳ ಧೂಳು ಊರಿನ ಮೇಲೆ ಏಳುತ್ತದೆ.

ಮೆದು-ಗಡಸಿನ ಮಾತನ್ನು ಶಾಸನವೆಂದು ಹಿಡಿಯಬಾರದು. ಕಬ್ಬಿಣ ಗಂಧಕದ ಜೊತೆಗೂ ಸೇರಿ ಪೈರೈಟ್ ಆಗುತ್ತದೆ. ಸೈನೈಡ್-ಚಿನ್ನದ ಬಂಧಕ್ಕೆ ಆಲ್ಫಾ ಒಂದೇ ಕಾರಣವೂ ಅಲ್ಲ. 1983ರಲ್ಲಿ ಪಾರ್ ಎಂಬ ಇನ್ನೊಬ್ಬ ರಸಾಯನವಿಜ್ಞಾನಿಯ ಜೊತೆ ಸೇರಿ ಪಿಯರ್ಸನ್ ಗಡಸುತನಕ್ಕೆ ಅಂಕೆಯ ವ್ಯಾಖ್ಯೆ ಕೊಟ್ಟರೂ ಅಪವಾದಗಳು ಉಳಿದೇ ಇವೆ. ಆದರೆ ವೈದ್ಯರಿಗೂ ಉಪಯೋಗಕ್ಕೆ ಬರುವಷ್ಟು ಸತ್ಯ ಅದರಲ್ಲಿದೆ. ಜಪಾನಿನ ಮಿನಮಾಟದಲ್ಲಿ ಮೀನಿನ ಮೂಲಕ ಜನರ ಮೈ ಸೇರಿದ ಪಾದರಸ ಪ್ರೋಟೀನಿನ ಗಂಧಕವನ್ನೇ ಹುಡುಕಿಕೊಂಡು ಹೋಗಿ ಹಿಡಿಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಆರ್ಸೆನಿಕ್ ವಿಷಾನಿಲಕ್ಕೆ ಮದ್ದಾಗಿ ತಯಾರಿಸಿದ ಡೈಮರ್ಕಪ್ರಾಲ್‌ನಲ್ಲಿ ಎರಡು ಗಂಧಕಗಳಿವೆ. ವಿಷಕ್ಕೆ ಮೈಯ ಗಂಧಕಕ್ಕಿಂತ ಒಳ್ಳೆಯ ಆಮಿಷ ಒಡ್ಡುವುದೇ ಅದರ ಕೆಲಸ.

ಇಷ್ಟು ಹೊತ್ತು ಆಲ್ಫಾ ಎಲ್ಲ ದಿಕ್ಕಿನಲ್ಲೂ ಒಂದೇ ಎಂಬಂತೆ ಮಾತಾಡಿದೆ. ಉದ್ದನೆಯ ಅಣುವಿನಲ್ಲಿ ಅದು ಹಾಗಿರುವುದಿಲ್ಲ. ಉದ್ದಕ್ಕೆ ಹೆಚ್ಚು, ಅಡ್ಡಕ್ಕೆ ಕಡಿಮೆ. ದ್ರವ ಸ್ಫಟಿಕಗಳಲ್ಲಿ ಈ ಭೇದದ್ದು ದೊಡ್ಡ ಪಾತ್ರ. 1950ರ ದಶಕದ ಕೊನೆಯಲ್ಲಿ ಮೈಯರ್ ಮತ್ತು ಜೌಪೆ ಎಂಬ ಇಬ್ಬರು, ಅಣುಗಳು ಒಂದೇ ದಿಕ್ಕಿಗೆ ಸಾಲಾಗುವುದನ್ನು ದಿಕ್ಕಿಗೊಂದು ಬಗೆಯ ಲಂಡನ್ ಸೆಳೆತದಿಂದಲೇ ವಿವರಿಸಿದರು. ಗಡಿಯಾರ, ಕ್ಯಾಲ್ಕುಲೇಟರ್, ಎಲ್‌ಸಿಡಿ ಪರದೆಗಳಲ್ಲಿ ಬೆಳಕನ್ನು ತಿರುಗಿಸುವುದು ಇದೇ ಉದ್ದ-ಅಡ್ಡದ ವ್ಯತ್ಯಾಸ. ಅಣುಗಳೆಂದರೆ ಕಡ್ಡಿಯಂತಿರಬೇಕು ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, 1977ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಅದಕ್ಕೂ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಚಂದ್ರಶೇಖರ್, ರಾಮನ್ ಅವರ ಸೋದರಳಿಯ. ತಟ್ಟೆ ಅಣುವಿನಲ್ಲಿ ಆಲ್ಫಾದ ಕ್ರಮ ತಲೆಕೆಳಗು: ತಟ್ಟೆಯ ಹರವಿನಲ್ಲಿ ಹೆಚ್ಚು, ಅದಕ್ಕೆ ಲಂಬವಾಗಿ ಕಡಿಮೆ. ಇದೇ ತಲೆಕೆಳಗುತನವನ್ನು ಬಳಸಿ, ಓರೆಯಿಂದ ನೋಡಿದಾಗ ಪರದೆ ಮಂಕಾಗುವುದನ್ನು ತಡೆಯುವ ಪೊರೆಗಳನ್ನು ಮುಂದೆ ಜಪಾನಿನಲ್ಲಿ ತಯಾರಿಸಿದರು. ಹುಟ್ಟಿದ್ದು ಇಲ್ಲಿ, ಕಾರ್ಖಾನೆ ಅಲ್ಲಿ. ಈ ಕಥೆ ನಮಗೆ ಹೊಸದಲ್ಲ.

ಕಂಪ್ಯೂಟರ್ ಚಿಪ್‌ಗಳ ಕಾರ್ಖಾನೆಯಲ್ಲಿ ಮಾತ್ರ ಒಂದೇ ಸೂರಿನಡಿ ಎರಡು ತದ್ವಿರುದ್ಧ ಬೇಡಿಕೆಗಳಿವೆ. ತಂತಿಗಳ ನಡುವಿನ ನಿರೋಧಕ ಆದಷ್ಟೂ ಮಣಿಯಬಾರದು. ಮಣಿದರೆ ಸಂಕೇತಗಳು ತಡವಾಗುತ್ತವೆ. ಅದಕ್ಕಾಗಿ ಸಿಲಿಕಾದಲ್ಲಿ ಫ್ಲೂರಿನ್, ಆಮೇಲೆ ಇಂಗಾಲದ ಗುಂಪುಗಳು, ಕೊನೆಗೆ ಗಾಳಿಯ ರಂಧ್ರಗಳನ್ನೇ ಸೇರಿಸುತ್ತ ಬಂದರು. ಟ್ರಾನ್ಸಿಸ್ಟರಿನ ಬಾಗಿಲಿನಲ್ಲಿ ಇದಕ್ಕೆ ತಿರುಗಾಮುರುಗ, ಹೆಚ್ಚು ಮಣಿಯಬೇಕು. 2007ರಲ್ಲಿ ಇಂಟೆಲ್ ಸಿಲಿಕಾವನ್ನು ಬಿಟ್ಟು ಹ್ಯಾಫ್ನಿಯಂ ಮೂಲದ ಆಕ್ಸೈಡಿಗೆ ಹೋದದ್ದು ಇದಕ್ಕೇ. ಹ್ಯಾಫ್ನಿಯಂ ಆಕ್ಸೈಡಿನ ದೊಡ್ಡ ಡೈಎಲೆಕ್ಟ್ರಿಕ್ ಅಂಕದಲ್ಲಿ, ಅಂದರೆ ಇಡೀ ವಸ್ತು ಕ್ಷೇತ್ರಕ್ಕೆ ಮಣಿಯುವ ಅಳತೆಯಲ್ಲಿ, ಎಲೆಕ್ಟ್ರಾನ್ ಮೋಡದ ಪಾಲು ಸಣ್ಣದು. ಸ್ಫಟಿಕದೊಳಗೆ ಅಯಾನುಗಳೇ ಕ್ಷೇತ್ರಕ್ಕೆ ಓಲಾಡುವುದರಿಂದ ಉಳಿದದ್ದು ಬರುತ್ತದೆ. ನೀರಿನದೂ ಇದೇ ಕಥೆ. ನಿಧಾನ ಕ್ಷೇತ್ರದಲ್ಲಿ ಅದರ ಡೈಎಲೆಕ್ಟ್ರಿಕ್ ಅಂಕ 80ರ ಹತ್ತಿರ, ಬೆಳಕಿನ ವೇಗದ ತಾಳಕ್ಕೆ 1.8 ಮಾತ್ರ. ಅಣುಗಳು ಹೊರಳುವಷ್ಟರಲ್ಲಿ ಬೆಳಕಿನ ಕ್ಷೇತ್ರ ತಿರುಗಿಬಿಟ್ಟಿರುತ್ತದೆ, ಮೋಡ ಮಾತ್ರ ಅದರ ಜೊತೆ ಹೆಜ್ಜೆ ಹಾಕಬಲ್ಲದು.

ಲೆಕ್ಕ ಹಾಕುವವರ ಕಷ್ಟವನ್ನೂ ಹೇಳಬೇಕು. ವಾಲ್ಟರ್ ಕೋನ್ ಅವರಿಗೆ 1998ರಲ್ಲಿ ರಸಾಯನದ ನೊಬೆಲ್ ತಂದ ಎಲೆಕ್ಟ್ರಾನ್ ಸಾಂದ್ರತಾ ಸಿದ್ಧಾಂತದಿಂದ ಇಂದು ಹೊಸ ವಸ್ತುಗಳ ಗುಣಗಳನ್ನು ಕಂಪ್ಯೂಟರಿನಲ್ಲೇ ಅಂದಾಜು ಮಾಡುತ್ತಾರೆ. ಆದರೆ ಅದರ ಜನಪ್ರಿಯ ಆವೃತ್ತಿಗಳಲ್ಲಿ ಲಂಡನ್ ಸೆಳೆತವೇ ಬಿಟ್ಟುಹೋಗಿತ್ತು. ಗ್ರಾಫೈಟಿನ ಪದರಗಳು 3.35 ಆಂಗ್‌ಸ್ಟ್ರಾಂ ಅಂತರದಲ್ಲಿ ಕೂತಿರುವುದು ಆ ಸೆಳೆತದ ಮೇಲೆ. ಕಂಪ್ಯೂಟರಿನ ಗ್ರಾಫೈಟ್ ಮಾತ್ರ ಪದರ ಪದರವಾಗಿ ಬಿಡಿಸಿಕೊಂಡು ಹೋಗುವಂತಿತ್ತು. ಜರ್ಮನಿಯ ಸ್ಟೆಫಾನ್ ಗ್ರಿಮ್ಮೆ ಮತ್ತಿತರರು ಈ ಶತಮಾನದ ಮೊದಲ ದಶಕದಲ್ಲಿ ಪರಮಾಣುಗಳ ಆಲ್ಫಾಗಳಿಂದ ಆ ಸೆಳೆತವನ್ನು ಎಣಿಸಿ, ಸೂತ್ರಕ್ಕೆ ಕೈಯಾರೆ ಸೇರಿಸಿದರು. ತೇಪೆ ಹಾಕಿದಂತೆ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ. ಔಷಧದ ಅಣು ಪ್ರೋಟೀನಿನ ಸಂದಿಯಲ್ಲಿ ಹೇಗೆ ಕೂರುತ್ತದೆ ಎಂದು ಸಾಂದ್ರತಾ ಸಿದ್ಧಾಂತದಿಂದ ಹಾಕುವ ಲೆಕ್ಕಗಳು ಇಂದು ಈ ತೇಪೆಯಿಲ್ಲದೆ ನಡೆಯುವುದು ಅಪರೂಪ. ದೊಡ್ಡ ಅಣುಗಳಲ್ಲಿ ಬಿಡಿ ಪರಮಾಣುಗಳ ಆಲ್ಫಾಗಳನ್ನು ಸುಮ್ಮನೆ ಕೂಡಿಸಿದರೆ ಸಾಲದು, ನೆರೆಹೊರೆಯ ಮೋಡಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಈಗಿನ ಕೆಲಸ ಬಹುಪಾಲು ಅಲ್ಲಿದೆ.

ಸಣ್ಣ ಪರಮಾಣುಗಳಲ್ಲಿ ಸ್ಥಿತಿ ಪೂರ್ತಿ ಬೇರೆ. ಹೀಲಿಯಂನಲ್ಲಿ ಎರಡೇ ಎಲೆಕ್ಟ್ರಾನ್‌ಗಳು. ಅದರ ಆಲ್ಫಾವನ್ನು ಪ್ರಯೋಗವನ್ನೇ ಮುಟ್ಟದೆ, ಮೂಲ ಸಿದ್ಧಾಂತದಿಂದ, ಯಾವ ಉಪಕರಣವೂ ಅಳೆಯಲಾರದಷ್ಟು ನಿಖರವಾಗಿ ಲೆಕ್ಕ ಹಾಕಿದ್ದಾರೆ. ಹೀಗಾಗಿ ಕೆಲಸ ಹಿಂದುಮುಂದಾಯಿತು. ಹೀಲಿಯಂ ತುಂಬಿದ ಕೆಪ್ಯಾಸಿಟರಿನ ಧಾರಣಶಕ್ತಿ ಅಳೆದರೆ, ಆಲ್ಫಾ ಗೊತ್ತಿರುವುದರಿಂದ, ಅಲ್ಲಿ ಎಷ್ಟು ಪರಮಾಣುಗಳಿವೆ ಎಂದು ತಿಳಿಯುತ್ತದೆ. ಒತ್ತಡವೂ ತಿಳಿದಿದ್ದರೆ ಉಷ್ಣತೆ ಸಿಕ್ಕಿತು. 2019ರ ಮೇ 20ರಂದು ಕೆಲ್ವಿನ್ ಮಾನಕ್ಕೆ ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ ನಿಂತ ಹೊಸ ವ್ಯಾಖ್ಯೆ ಜಾರಿಗೆ ಬಂತು. ಅದಕ್ಕೆ ಮುನ್ನ ಆ ಸ್ಥಿರಾಂಕವನ್ನು ಒಂದಕ್ಕಿಂತ ಹೆಚ್ಚು ಸ್ವತಂತ್ರ ವಿಧಾನಗಳಿಂದ ಅಳೆದು ತಾಳೆ ನೋಡಬೇಕಿತ್ತು. ಅನಿಲದಲ್ಲಿ ಶಬ್ದದ ವೇಗ ಅಳೆಯುವುದು ಒಂದು ದಾರಿ. ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆಯವರು ಹಿಡಿದ ಇನ್ನೊಂದು ದಾರಿ ಹೀಲಿಯಂನ ಆಲ್ಫಾದ ಮೂಲಕ ಹೋಗುತ್ತದೆ. ಎರಡೂ ಕಡೆಯ ಉತ್ತರಗಳು ಹೊಂದಿಕೊಂಡವು. ಒತ್ತಡವನ್ನು ಕೂಡ ಪಾದರಸದ ಸ್ತಂಭವನ್ನು ಬಿಟ್ಟು, ಇದೇ ಆಲ್ಫಾ ನಂಬಿ, ಹೀಲಿಯಂನಲ್ಲಿ ಬೆಳಕು ಎಷ್ಟು ನಿಧಾನಿಸುತ್ತದೆ ಎಂಬುದರಿಂದ ಅಳೆಯುವ ಉಪಕರಣಗಳು ಮಾಪನ ಪ್ರಯೋಗಾಲಯಗಳಲ್ಲಿ ತಯಾರಾಗುತ್ತಿವೆ.